ಅಂಗಳದ ಹುಲ್ಲು

ನಮ್ಮ ಕಡೆ ಹುಲ್ಲಿಗೆ ಎರಡೇ ಗತಿ. ದನದ ಬಾಯಿಗೆ ಹೋಗಬೇಕು, ಇಲ್ಲವೇ ಕಿತ್ತು ಬದುವಿನ ಮೇಲೆ ಒಗೆಸಿಕೊಂಡು ಒಣಗಬೇಕು. ಎರಿ ಹೊಲಕ್ಕೆ ಕರಕಿ ಬಿತ್ತೆಂದರೆ ರೈತನಿಗೆ ನಿದ್ದೆಯಿಲ್ಲ. ಬೇರು ಆಳಕ್ಕಿಳಿಯುತ್ತದೆ, ತುಂಡಾದಷ್ಟೂ ಚಿಗುರುತ್ತದೆ. ಹಿಂದೆ ಅದನ್ನು ಕೀಳಲು ಒಂದು ಜೋಡಿ ಎತ್ತು ಸಾಲದೆ ನಾಲ್ಕೈದು ಜೋಡಿ ಹೂಡಿ ದೊಡ್ಡ ನೇಗಿಲು ಹೊಡೆಯುತ್ತಿದ್ದರು. ಅಂಥ ನರೇಗಲ್ಲಿನಲ್ಲಿ ರೊಕ್ಕ ಕೊಟ್ಟು ಹುಲ್ಲು ತಂದು ಹಚ್ಚಿದ ಮನೆ ನಮ್ಮದು.

ತಂದವನು ಅಣ್ಣ. ಬೆಂಗಳೂರಿನಲ್ಲಿ ನೌಕರಿ ಹಿಡಿದ ಮೇಲೆ ಮನೆ ಮುಂದಿನ 20 ಅಡಿ ಉದ್ದ, 15 ಅಡಿ ಅಗಲದ ಜಾಗಕ್ಕೆ ಲಾನ್ ಹಾಕಿಸಿದ. ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ಟೆಂಪೋದಲ್ಲಿ ಬಂದಿಳಿಯಿತು. ಅವ್ವ ನಕ್ಕಳು: "ಕರಕಿ ಕೀಳೂದ್ರಾಗ ನಮ್ಮಪ್ಪನ ಸೊಂಟ ಹೋತು. ನೀವು ರೊಕ್ಕಾ ಕೊಟ್ಟು ಹುಲ್ಲ ತಂದೀರಲ್ಲೋ!"

ನಕ್ಕವಳೇ ಮರುದಿನದಿಂದ ಅದಕ್ಕೆ ನೀರು ಹಾಕತೊಡಗಿದಳು. ಅಣ್ಣನ ವಿಡಿಯೋ ಕಾಲ್ ಬಂದರೆ ಮೊದಲ ಮಾತು "ಹುಲ್ಲು ಹೆಂಗೈತಿ?" ಅವ್ವ ಫೋನು ಹಿಡಿದು ಅಂಗಳವೆಲ್ಲ ತಿರುಗಿ ತೋರಿಸುವಳು. ಊರಿಗೆ ವರ್ಷಕ್ಕೊಮ್ಮೆ ಬರುವ ಮಗ ಮನೆಗಾಗಿ ಮಾಡಿದ್ದು ಕಣ್ಣಿಗೆ ಕಾಣುವಂತಿದ್ದುದು ಅದೊಂದೇ. ಅದು ಒಣಗಬಾರದಿತ್ತು.

ನಾನು ಶಾಲೆಯಲ್ಲಿ ಗಣಿತ ಕಲಿಸುವವನು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ನಮ್ಮ ಲಾನು ಸುಮಾರು 28 ಚದರ ಮೀಟರ್. ಬಿರುಬೇಸಿಗೆಯಲ್ಲಿ ಹಸಿರು ಹುಲ್ಲು ದಿನಕ್ಕೆ 5 ಮಿಲಿಮೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತದೆ. ಅಂದರೆ ದಿನಕ್ಕೆ 140 ಲೀಟರ್, ನಮ್ಮ ಮನೆಯ ಕೊಡದ ಲೆಕ್ಕದಲ್ಲಿ ಹತ್ತು ಕೊಡ. ನಮ್ಮಲ್ಲಿ ಇಡೀ ವರ್ಷ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರ್. ಗಾಳಿಯಂತೂ ಕೇಳಬೇಡಿ. ಊರ ಸುತ್ತ ಗಾಳಿಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ.

ಒಂದು ಬೇಸಿಗೆ ನಲ್ಲಿ ನೀರು ವಾರಗಟ್ಟಲೆ ಬರಲಿಲ್ಲ. ಬಟ್ಟೆ ಒಗೆದ ನೀರು, ಜಳಕದ ನೀರು ಎಲ್ಲ ಅಂಗಳಕ್ಕೇ ಹೋದವು. ಆದರೂ ಹುಲ್ಲು ಹಸಿರಾಗಿಯೇ ಇತ್ತು. ಅದು ಹೇಗೆಂದು ತಿಳಿದದ್ದು ಅವ್ವನ ಗುಳಿಗೆ ಡಬ್ಬಿ ಖಾಲಿ ಕಂಡಾಗ. ಮೊಣಕಾಲಿನ ಗುಳಿಗೆಗೆಂದು ಕೊಟ್ಟಿದ್ದ ರೊಕ್ಕವನ್ನು ಅವಳು ಟ್ಯಾಂಕರಿನವನಿಗೆ ಕೊಟ್ಟಿದ್ದಳು.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಗದು ಒಗಿ. ನಾನಽ ಅಂದೆ ಅಂತ ಅವ್ವಗ ಹೇಳು," ಎಂದ.

ಅದರ ಜಾಗಕ್ಕೆ ಏನು ಹಚ್ಚುವುದು? ಉತ್ತರ ಜಿಲ್ಲೆಯಲ್ಲೇ ಇತ್ತು. ಗದಗಿನ ದಕ್ಷಿಣಕ್ಕಿರುವ ಕಪ್ಪತಗುಡ್ಡ ಔಷಧಿ ಗಿಡಗಳಿಗೆ ಹೆಸರಾದದ್ದು. ಅದರ ಸುಮಾರು 244 ಚದರ ಕಿಲೋಮೀಟರನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಅಲ್ಲಿನ ತಂಗಡಿಗೂ ಬಂದರಿಕೆಗೂ ಕವಳಿಗೂ ಯಾರೂ ನೀರು ಹಾಕಿದವರಲ್ಲ. ಗುಡ್ಡದಿಂದ ಒಂದು ಕಡ್ಡಿಯನ್ನೂ ತರಬಾರದು, ತರುವ ಅಗತ್ಯವೂ ಇರಲಿಲ್ಲ. ಅವೇ ಗಿಡಗಳು ನಮ್ಮ ಬದುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಇವೆ. ತಂಗಡಿ, ಬಂದರಿಕೆಗಳ ಬೀಜ ಆಯ್ದು ತಂದೆ. ಗಟ್ಟಿ ಸಿಪ್ಪೆಯ ಬೀಜ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಾಲಿನ ಖಾಲಿ ಪಾಕೀಟುಗಳಲ್ಲಿ ಸಸಿ ಮಾಡಿದೆವು. ಕವಳಿ ಸಸಿ ನರ್ಸರಿಯಲ್ಲಿ ಸಿಕ್ಕವು.

ಮಳೆಗಾಲ ಮುಗಿದ ಮೇಲೆ ಲಾನಿಗೆ ನೀರು ನಿಲ್ಲಿಸಿದೆವು. ಹುಲ್ಲು ಹಳದಿಯಾಗತೊಡಗಿದ ದಿನಗಳಲ್ಲಿ ಅವ್ವ ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿನಿಂದಲೇ ಓಡಾಡಿದಳು. ಏಪ್ರಿಲ್ಲಿನಲ್ಲಿ ಕಪ್ಪು ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಎರಡು ತಿಂಗಳ ಬಿಸಿಲು ಉಳಿದದ್ದನ್ನು ಮುಗಿಸಿತು. ಮಾಳಿಗೆಯ ನೀರು ಬೀದಿಗೆ ಹರಿದುಹೋಗದಂತೆ ಗೇಣೆತ್ತರದ ಬದು ಹಾಕಿ, ಮಿರಗ ಮಳೆಗೆ ಹದಿನಾಲ್ಕು ಸಸಿ ನೆಟ್ಟೆವು. ಬುಡಕ್ಕೆ ಜೋಳದ ಕಣಿಕೆ ಮುಚ್ಚಿದೆವು. ನಡುವಿನ ಖಾಲಿ ನೆಲದಲ್ಲಿ ವಿಷ್ಣುಕ್ರಾಂತಿಯ ನೀಲಿ ಹೂವು ತಾನೇ ಎದ್ದಿತು.

ಓಣಿಯವರು ಸುಮ್ಮನಿರಲಿಲ್ಲ. "ಯಕ್ಕಾ, ಅಂಗಳಾನ ಅಡವಿ ಮಾಡೀರಲ್ರಿ!" ಎಂದರು. ಮೂರು ಸಸಿ ಸತ್ತವು. ಉಳಿದವಕ್ಕೆ ಮೊದಲ ಬೇಸಿಗೆ ವಾರಕ್ಕೊಮ್ಮೆ ಅರ್ಧ ಕೊಡ. ಎಲ್ಲ ಸೇರಿ ವಾರಕ್ಕೆ ಆರು ಕೊಡವೂ ಆಗಲಿಲ್ಲ. ಎರಡನೆಯ ಬೇಸಿಗೆ ಅದೂ ಬೇಕಾಗಲಿಲ್ಲ. ಬಂದರಿಕೆಯ ಎಲೆಗೆ ಅಂಟಿನ ಹೊಳಪಿದೆ, ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೀದಿಯ ಕುರಿಗಳು ಮೂಸಿ ಮುಂದೆ ಹೋಗುತ್ತವೆ. ತಂಗಡಿಗೆ ಬಿಳಿ ಪಾತರಗಿತ್ತಿಗಳು ಬಂದು ಮೊಟ್ಟೆಯಿಟ್ಟವು. ಹುಳುಗಳು ಎಲೆ ತಿಂದು ಜರಡಿ ಮಾಡಿದರೂ ಗಿಡ ಮತ್ತೆ ಚಿಗುರಿತು.

ಅಂಗಳ ಈಗ ವರ್ಷಪೂರ್ತಿ ಹಸಿರಾಗಿರುವುದಿಲ್ಲ. ಶಿವರಾತ್ರಿ ದಾಟಿದರೆ ನೆಲ ಬಣ್ಣಗೆಡುತ್ತದೆ, ವಿಷ್ಣುಕ್ರಾಂತಿ ಕಾಣದಾಗುತ್ತದೆ. ಅಣ್ಣ ಮೊದಲ ಸಲ ನೋಡಿದಾಗ "ಎಲ್ಲಾ ಸತ್ತೈತೇನ್ಬೇ?" ಎಂದು ಗಾಬರಿಯಾದ. ಅವ್ವ ತಂಗಡಿ ಹೂವಿನ ಹತ್ತಿರ ಫೋನು ಒಯ್ದು, "ಸತ್ತಿಲ್ಲೋ, ಬ್ಯಾಸಿಗಿ ಐತಿ," ಎಂದಳು. ಅಷ್ಟು ಸಲೀಸಾಗಿ ಆ ಮಾತು ಅವಳ ಬಾಯಿಂದ ಬಂದೀತೆಂದು ನಾನು ಎಣಿಸಿರಲಿಲ್ಲ.

ಹೋದ ಮಳೆಗಾಲ ಮೂಲೆಯಲ್ಲಿ ಕರಕಿ ಎದ್ದಿತು. ಕೀಳಲು ಕೂತವನನ್ನು ಅವ್ವ ತಡೆದಳು. ಚೌತಿಗೆ ಗಣಪ್ಪನಿಗೆ ಬೇಕಂತೆ. ಮೊಳದಷ್ಟು ಜಾಗ ಬಿಟ್ಟು ಸುತ್ತ ಕಲ್ಲು ಇಟ್ಟಿದ್ದಾಳೆ. ಅದಕ್ಕೆ ನೀರು ಹಾಕುವುದಿಲ್ಲ.