ಕೂಸಿಗಿಂತ ಮೊದಲೇ ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರ ಕಥೆಯನ್ನು ಗಾದೆಯಲ್ಲಿ ಕೇಳುತ್ತೇವೆ. ಶಹಾಪುರದ ಸಮೀಪದ ಹಳ್ಳಿಯೊಂದರ ಗೃಹಸ್ಥರೊಬ್ಬರು ಅದನ್ನು ಮಾಡಿಯೇ ತೋರಿಸಿದರು. ಬಂದೂಕು ಕೊಳ್ಳುವ ಮೊದಲೇ ಅವರು ಗುಂಡು ಎರೆಯುವ ಅಚ್ಚು ಕೊಂಡು ತಂದರು.

ಕಾರಣವಿಲ್ಲದೆ ತಂದದ್ದೇನೂ ಅಲ್ಲ. ಅವರ ಶೇಂಗಾ ಹೊಲಕ್ಕೆ ಕಾಡುಹಂದಿಗಳ ಕಾಟ. ರಾತ್ರಿ ಬಂದ ಹಿಂಡು ಬೆಳಗಾಗುವುದರೊಳಗೆ ಸಾಲಿಗೆ ಸಾಲನ್ನೇ ಉತ್ತು ಹೋಗುತ್ತಿತ್ತು. ತಮಟೆ ಬಡಿದದ್ದಾಯಿತು, ಪಟಾಕಿ ಹಚ್ಚಿದ್ದಾಯಿತು. ಕಡೆಗೆ ಯಾದಗಿರಿಗೆ ಹೋಗಿ ಬಂದೂಕಿನ ಪರವಾನಗಿಗೆ ಅರ್ಜಿ ಕೊಟ್ಟು ಬಂದರು. ಅರ್ಜಿಯ ರಸೀದಿ ಕಿಸೆಗೆ ಬಿದ್ದದ್ದೇ ತಡ, ಹೆಗಲ ಮೇಲೆ ಬಂದೂಕೇ ಬಂದಂತಾಯಿತು.

ಮುಂದಿನ ವಾರ ಸುರಪುರದ ಸಂತೆಯಲ್ಲಿ ಗುಜರಿಯವನ ಹಾಸಿನ ಮೇಲೆ ಇಕ್ಕಳದಂಥ ಹಿತ್ತಾಳೆಯ ಸಾಧನವೊಂದು ಅವರ ಕಣ್ಣಿಗೆ ಬಿತ್ತು. ಎರಡು ದವಡೆಗಳನ್ನು ಕೂಡಿಸಿದರೆ ನಡುವೆ ಗೋಲಾಕಾರದ ಪೊಳ್ಳು. "ರಾಜರ ಕಾಲದ್ದು ನೋಡ್ರಿ" ಎಂದ ಗುಜರಿಯವ. ಆ ಮಾತು ಸುರಪುರದಲ್ಲಿ ಚೆನ್ನಾಗಿಯೇ ನಾಟುತ್ತದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಕಡೆಯವರು ಬ್ರಿಟಿಷ್ ಪಡೆಯೊಡನೆ ಕಾದಾಡಿದ ಊರು ಅದು. ಕ್ಯಾಪ್ಟನ್ ನ್ಯೂಬರಿ ಎಂಬ ಅಧಿಕಾರಿ ಸತ್ತದ್ದು ಅಲ್ಲಿಯೇ. ಅದಕ್ಕೆ ಮೊದಲು ಅಲ್ಲಿನ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇಂದಿಗೂ ಗುಡ್ಡದ ಮೇಲಿದೆ. ಅದನ್ನು ನೋಡುತ್ತಲೇ ಗೃಹಸ್ಥರು ಆರುನೂರು ರೂಪಾಯಿ ಎಣಿಸಿ ಕೊಟ್ಟರು. ಹಳೆಯ ಕೇಬಲ್ಲಿನ ಸೀಸದ ಹೊದಿಕೆ ನಾಲ್ಕು ಕಿಲೋ, ಒಂದು ಕಬ್ಬಿಣದ ಸೌಟು ಕೂಡ ಚೀಲ ಸೇರಿದವು.

ಮನೆಯಲ್ಲಿ ಹತ್ತನೆಯ ತರಗತಿಯ ಮಗ ಕೇಳಿದ: "ಅಪ್ಪಾ, ಬಂದೂಕ ಎಲ್ಲದ?"

"ಬರ್ತದ ಬಿಡು. ಅರ್ಜಿ ಕೊಟ್ಟೀನಲ್ಲ."

ಅಂದಿನಿಂದ ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಎರಕದ ಕೆಲಸ ಶುರುವಾಯಿತು. ಸೀಸ ಕರಗಲು ಹೆಚ್ಚು ಕಾವು ಬೇಡ, 327 ಡಿಗ್ರಿ ಸೆಲ್ಸಿಯಸ್ ಸಾಕು. ಸೌದೆಯ ಒಲೆಯೇ ಸಾಲುತ್ತದೆ. ಕರಗಿದ ಸೀಸ ಬೆಳ್ಳಿಯಂತೆ ಹೊಳೆಯುತ್ತದೆ. ಅಚ್ಚು ಬಿಚ್ಚಿದರೆ ದುಂಡನೆಯ ಗುಂಡು ಟಣ್ಣೆಂದು ಬೀಳುತ್ತದೆ. ಐದು ವರ್ಷದ ಮಗಳಿಗೆ ಇದು ದೊಡ್ಡ ಆಟವಾಯಿತು. ಗೋಣಿತಟ್ಟಿನ ಮೇಲೆ ಕುಳಿತು ಗುಂಡುಗಳನ್ನು ಗೋಲಿಯಂತೆ ಉರುಳಿಸುವಳು, ಅದೇ ಕೈಯಲ್ಲಿ ರೊಟ್ಟಿ ತಿನ್ನುವಳು. ಎರಡು ವಾರದಲ್ಲಿ ಡಬ್ಬಿಯ ತುಂಬ ಗುಂಡು.

ಮಳೆ ಬಂದ ಮರುದಿನ ಅಂಗಳದಲ್ಲಿ ಬಿದ್ದಿದ್ದ ಸೀಸದ ಪಟ್ಟಿಯೊಂದನ್ನು ಅವರು ಹಾಗೆಯೇ ಸೌಟಿಗೆ ಹಾಕಿದರು. ಅದರ ಮಡಿಕೆಯೊಳಗೆ ಒಂದೆರಡು ಹನಿ ನೀರು ಉಳಿದಿತ್ತು. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದ ಕೆಳಗೆ ಅದು ಒಮ್ಮೆಲೇ ಆದರೆ ಸ್ಫೋಟವೇ ಸರಿ. ಸೀಸ ಚಟ್ಟನೆ ಸಿಡಿಯಿತು. ಅವರ ಮುಂಗೈ ಮೇಲೆ ಮೂರು ಬೊಕ್ಕೆ ಎದ್ದವು. ಗೋಣಿತಟ್ಟಿನಲ್ಲಿ ಏಳೆಂಟು ತೂತು. ಮಗಳು ನೀರು ಕುಡಿಯಲು ಒಳಗೆ ಎದ್ದು ಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮರುದಿನ ಮಗ ಹತ್ತು ಗುಂಡುಗಳನ್ನು ಪೊಟ್ಟಣ ಕಟ್ಟಿಕೊಂಡು ಶಾಲೆಯ ಪ್ರಯೋಗಾಲಯಕ್ಕೆ ಒಯ್ದ. ತೂಕ 200 ಗ್ರಾಂ. ಅಳತೆಯ ಜಾಡಿಯಲ್ಲಿ ಮುಳುಗಿಸಿದಾಗ ನೀರು ಹದಿನೆಂಟು ಮಿಲಿಲೀಟರಿಗೆ ತುಸು ಕಡಿಮೆ ಏರಿತು. ಭಾಗಿಸಿದರೆ ಸಾಂದ್ರತೆ ಹನ್ನೊಂದಕ್ಕೆ ಮೇಲೆ, ಸೀಸವೇ ಹೌದು. ಒಂದು ಗುಂಡಿಗೆ 20 ಗ್ರಾಂ, ಅಡ್ಡಳತೆ 15 ಮಿಲಿಮೀಟರ್.

ಲೆಕ್ಕದ ಹಾಳೆ ಹಿಡಿದು ಅವನು ತಂದೆಯನ್ನು ಊರಿನ ನಿವೃತ್ತ ಸೈನಿಕರೊಬ್ಬರ ಮನೆಗೆ ಕರೆದೊಯ್ದ. ಅವರಲ್ಲಿ ಪರವಾನಗಿ ಪಡೆದ ಹನ್ನೆರಡು ಬೋರಿನ ಬಂದೂಕಿತ್ತು. ಅವರು ನಗಲಿಲ್ಲ, ಸಮಾಧಾನದಿಂದ ತಿಳಿಸಿ ಹೇಳಿದರು. ಹನ್ನೆರಡು ಬೋರು ಎಂದರೆ, ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವ ನಳಿಗೆ. ಆ ಗುಂಡಿನ ಅಡ್ಡಳತೆ ಹದಿನೆಂಟೂವರೆ ಮಿಲಿಮೀಟರ್. ಮಗ ಅಲ್ಲಿಯೇ ಲೆಕ್ಕ ಹಾಕಿದ. ಅವರ ಗುಂಡುಗಳಾದರೆ ಪೌಂಡಿಗೆ ಇಪ್ಪತ್ತೆರಡು ಆಗಿ ಇನ್ನೂ ಸೀಸ ಮಿಗುತ್ತದೆ! ಆ ನಳಿಗೆಯಲ್ಲಿ ಅವು ಗಡಗಡ ಉರುಳುತ್ತವೆ.

"ಹಿಂದಿನ ಕಾಲದಾಗ ಕೈಯಿಂದ ಮಾಡಿದ ಒಂದೊಂದು ಬಂದೂಕಿನ ನಳಿಗಿ ಒಂದೊಂದು ಅಳತಿ. ಅದಕ್ಕ ಬಂದೂಕಿನ ಜೋಡಿನೇ ಅದರ ಅಚ್ಚೂ ಕೊಡ್ತಿದ್ದರು. ಈಗಿನ ಬಂದೂಕಿಗೆ ಅಂಗಡಿ ತೋಟಾ. ನೀವು ಕೊಂಡಿದ್ದು ತಾಯಿ ಬಿಟ್ಟ ಕರು" ಎಂದರು ಅವರು.

ಇನ್ನೂ ಎರಡು ಮಾತು ಹೇಳಿದರು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಅದನ್ನು ತಯಾರಿಸುವ ಸಾಧನವೂ ಸೇರಿದೆ. ಪರವಾನಗಿ ಇಲ್ಲದೆ ಗುಂಡು ಮಾಡುವುದು ಅಪರಾಧ. ಬಂದೂಕು ಬಂದರೂ ಹಂದಿಗೆ ಗುರಿಯಿಡಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಮರುದಿನ ಅಚ್ಚು, ಗುಂಡು ಎರಡೂ ಲಿಖಿತ ಹೇಳಿಕೆಯ ಸಮೇತ ಠಾಣೆ ಸೇರಿದವು. ಪಡಸಾಲೆಯ ನೆಲವನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದರು. ಗೋಣಿತಟ್ಟನ್ನು ಎಸೆದರು. ಮಗಳ ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಲು ತಾಯಿ ಹಟ ಹಿಡಿದಳು. ಅದು ಸರಿಯಾದ ಹಟವೇ. ಬಾಯಿಗೆ ಹೋದ ಸೀಸವನ್ನು ದೊಡ್ಡವರಿಗಿಂತ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆಯಲ್ಲಿ ಸ್ವಲ್ಪ ಕಂಡಿತು. ಚಿಕಿತ್ಸೆ ಬೇಡ, ಮೂರು ತಿಂಗಳ ಮೇಲೆ ಮತ್ತೊಮ್ಮೆ ನೋಡೋಣ ಎಂದರು ವೈದ್ಯರು. ಆ ಮೂರು ತಿಂಗಳು ತಂದೆಗೆ ಹಂದಿಯ ನೆನಪೇ ಆಗಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಮಟ್ಟ ಇಳಿದಿತ್ತು.

ಆ ಸಂಜೆ ಅವರು ಮಗನ ಕೋಣೆಗೆ ಹೋದರು. ಕಪಾಟಿನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯ ಪುಸ್ತಕಗಳ ಇಡೀ ಕಟ್ಟು, ಹೊದಿಕೆಯನ್ನೂ ಬಿಚ್ಚದೆ ಕುಳಿತಿತ್ತು. ಮಗ ಒಂಬತ್ತನೆಯ ತರಗತಿಯಲ್ಲಿದ್ದಾಗಲೇ ಅವರು ತಂದದ್ದು, ಹದಿನಾಲ್ಕು ಸಾವಿರ ಕೊಟ್ಟು. ಮೇಜಿನ ಮೇಲೆ ಮಾತ್ರ ಗುಂಡಿನ ಲೆಕ್ಕದ ಆ ಹಾಳೆ, ಪಕ್ಕದಲ್ಲಿ ಅವನೇ ಬಿಡಿಸಿದ ಅಚ್ಚಿನ ನಕ್ಷೆ.

ಅವರು ಬಹಳ ಹೊತ್ತು ಆ ಕಟ್ಟನ್ನು ನೋಡಿದರು. ಬಳಿಕ ಮಂಚದ ತುದಿಯಲ್ಲಿ ಕುಳಿತು ಕೇಳಿದರು: "ತಮ್ಮಾ, ನಿನಗ ಏನು ಓದಬೇಕಂತ ಅದ?"

ಮಗ ತಲೆ ಎತ್ತಿ ನೋಡಿದ. ಈ ಪ್ರಶ್ನೆಯನ್ನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಕೂಡಲೇ ಉತ್ತರ ಹೊಳೆಯಲಿಲ್ಲ. ತಂದೆ ಅವಸರ ಮಾಡಲಿಲ್ಲ, ಕಾಯುತ್ತ ಕುಳಿತರು.