ಖಾನೇಸುಮಾರಿಯೊಳಗ ನಮ್ಮೂರು

2011ರ ಫೆಬ್ರುವರಿಯಲ್ಲಿ ನಮ್ಮೂರಿನ ಖಾನೇಸುಮಾರಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜತ್ತ ತಾಲೂಕಿನ ಈ ಭಾಗದ ಕನ್ನಡ ಶಾಲೆಯೊಳಗ ಆಗ ನಾನು ಮಾಸ್ತರ. ಹುಟ್ಟಿ ಬೆಳೆದ ಊರು. ಯಾರ ಮಗಳನ್ನು ಎಲ್ಲಿಗೆ ಕೊಟ್ಟಾರ ಅನ್ನೋದೂ ಗೊತ್ತು. ಇದೇನು ದೊಡ್ಡ ಕೆಲಸ ಅಂದುಕೊಂಡೆ.

ಲಿಂಗಾಯತರ ಓಣಿ, ಮರಾಠರ ನಾಲ್ಕು ಮನೆ, ದಲಿತರ ಕೇರಿ ಸಲೀಸಾಗಿ ಮುಗಿದವು. ಮಾತೃಭಾಷೆ ಒಂದು, ಬರುವ ಬೇರೆ ಭಾಷೆ ಎರಡು ಬರೆಯಬೇಕಿತ್ತು. ನಮ್ಮೂರಿಗೆ ಅಳತಿ ತಗೊಂಡು ಹೊಲಿದಂಗಿತ್ತು ಆ ಖಾನೆ. ಮುಸಲ್ಮಾನರ ಮನೆಯೊಳಗ ಉರ್ದು, ಹೊಲದಾಗ ಕನ್ನಡ, ತಹಸೀಲ ಕಚೇರಿಯೊಳಗ ಮರಾಠಿ. ಕುರುಬರ ಮನೆಯ ಹುಡುಗನೊಬ್ಬ ಮಾತ್ರ ಮಾತೃಭಾಷೆ ಮರಾಠಿ ಅಂತ ಬರೀರಿ ಅಂದ. ಒಲಿ ಮುಂದಿದ್ದ ಅವರವ್ವ, "ಏನಂತಾನ್ರಿ ಇವ?" ಅಂತ ಕನ್ನಡದಾಗ ಕೇಳಿದಳು. ಇಬ್ಬರೂ ನಕ್ಕೆವು. ಹುಡುಗ ನಗಲಿಲ್ಲ. ಮುಂದೆ ನೌಕರಿ ಸಿಗಬೇಕಲ್ಲ, ಅವನ ಲೆಕ್ಕ ಅವನಿಗೆ.

ತಾಂಡಾದಲ್ಲಿ ವಿಜಾಪುರ ಕಡೆಯಿಂದ ಬಂದ ಸೊಸೆ ತಕರಾರು ತೆಗೆದಳು. ತವರಲ್ಲಿ ಲಮಾಣಿಗರು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಯಾದಿ ಆಯಾ ರಾಜ್ಯದ್ದು. "ಗಡಿ ದಾಟಿದ ಕೂಡ್ಲೆ ಜಾತಿ ಬದಲಾಗತೈತೇನ್ರಿ ಮಾಸ್ತರ?" ಅಂದಳು. "ಇಲ್ಲ" ಅಂತಲೇ ಬರೆದುಕೊಂಡು ಬಂದೆ.

ನಿಜವಾಗಿ ಕೈ ನಿಂತದ್ದು ಕೆರೆ ಕಡೆಯ ಸಾಲಿನಲ್ಲಿ. ಮನೆಗೊಂದು ಬೀಗ. ದೀಪಾವಳಿ ಹೊತ್ತಿಗೆ ಮುಕಾದಮನ ಕಡೆ ಉಚಲ ತಗೊಂಡು ಗಂಡ ಹೆಂಡತಿ ಜೋಡಿಯಾಗಿ ಕೊಲ್ಲಾಪುರ ಕಡೆ ಕಬ್ಬು ಕಡಿಯಾಕ ಹೋದವರು. ಕಾರ್ಖಾನೆ ಪಟ್ಟಾ ಬಿದ್ದ ಮೇಲೇ ಬರುವವರು. ಒಂದು ಮನೆಯೊಳಗ ಆಯಿ ಮತ್ತು ಮೊಮ್ಮಗಳು ಇಬ್ಬರೇ ಇದ್ದರು. "ಎಷ್ಟು ಮಂದಿ ಆಯಿ?" ಅಂದರೆ, "ಆರು" ಅಂದಳು.

ನಿಯಮ ಹಾಗಿರಲಿಲ್ಲ. ಫೆಬ್ರುವರಿ 9ರಿಂದ 28ರ ತನಕ ಪೂರ್ತಿ ಊರಾಚೆ ಇದ್ದವರನ್ನು ಇಲ್ಲಿ ಬರೆಯುವಂತಿಲ್ಲ. ಅವರು ಇದ್ದಲ್ಲೇ ಬರೆದುಕೊಳ್ಳುತ್ತಾರೆ ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು. ಎರಡು ಅಂತ ಬರೆದೆ. ಓದು ಬಾರದ ಆಯಿ ನನ್ನ ಪೆನ್ನು ಎಷ್ಟು ಸಲ ಆಡಿತು ಅಂತ ನೋಡುತ್ತಿದ್ದಳೋ ಏನೋ, "ಉಳಿದ ನಾಕು ಮಂದಿ ಎಲ್ಲಿ ಬರದ್ರಿ?" ಅಂದಳು.

ಏಪ್ರಿಲ್ ದಾಟಿದ ಮೇಲೆ ಅವರು ಬಂದರು. ಅದೇ ಹೊತ್ತಿಗೆ ನಮ್ಮಲ್ಲಿ ನೀರಿನ ಟ್ಯಾಂಕರೂ ಶುರುವಾಗುವುದು. ಖೇಪು ಮಂಜೂರಾಗುವುದು ಜನಸಂಖ್ಯೆ ನೋಡಿ. 2021ಕ್ಕೆ ಆಗಬೇಕಿದ್ದ ಗಣತಿ ಆಗಲಿಲ್ಲವಾದ್ದರಿಂದ ನಾನು ಬರೆದ ಲೆಕ್ಕವೇ ಮುಂದೆಯೂ ಎಷ್ಟೋ ವರ್ಷ ನಡೆಯಿತು. ಪ್ರತಿ ಬ್ಯಾಸಗಿಗೆ ಕೊಡಗಳ ಪಾಳಿ ಆ ಕೆರೆ ಸಾಲಿನ ತನಕ ಹೋಗುವಷ್ಟರಲ್ಲಿ ನೀರು ತಳ ಹಿಡಿಯುತ್ತಿತ್ತು. ನಾನು ಆ ಕಡೆ ನೋಡದೆ ಶಾಲೆಗೆ ಹೋಗುತ್ತಿದ್ದೆ.

ಆ ಮೊದಲ ಬ್ಯಾಸಗಿಯಲ್ಲೇ ಆಯಿಯ ಮಗನನ್ನು ಕೇಳಿದ್ದೆ, "ಅಲ್ಲಿ ನಿಮ್ಮನ್ನ ಬರಕೊಂಡ್ರೇನಪಾ?"

"ಯಾರೋ ಬಂದಿದ್ರಂತ್ರಿ. ನಾವು ಫಡದಾಗ ಇದ್ವಿ. ಮುಕಾದಮನ ಎಲ್ಲಾ ಹೇಳ್ಯಾನು."

"ಭಾಷೆ ಯಾವುದು ಬರಿಸ್ಯಾನ?"

"ಅದೇನ್ ಕೇಳೂದ್ರಿ ಮಾಸ್ತರ, ನಮ್ಮ ಹೆಸರರ ಅವಗ ಗೊತ್ತದಾವೋ ಇಲ್ಲೋ" ಅಂದು, ಖಾಲಿ ಕೊಡ ಹೆಗಲಿಗೆ ಏರಿಸಿಕೊಂಡು ನಡೆದ.