ಬೇಲಿ ದಾಟುವ ಹಲಗೆ

ನಮ್ಮ ಅಳಿಯನಿಗೆ ಸೈಕಲ್ ಹುಚ್ಚು. ಪೇಟೆಗೆ ಹೋಗಿ ಹಾಲು ತರುವ ಸೈಕಲ್ಲಲ್ಲ, ಕಾಡಿನೊಳಗೆ ಬೇರು ಕಲ್ಲುಗಳ ಮೇಲೆ ಹತ್ತಿಸಿ ಇಳಿಸುವ ದಪ್ಪ ಟೈರಿನ ಮೌಂಟನ್ ಬೈಕು. ಮಗಳ ಬಾಣಂತನಕ್ಕೆಂದು ನಾನೂ ನನ್ನಾಕೆಯೂ ಸಾಗರದಿಂದ ಅಮೆರಿಕಕ್ಕೆ ಹೋದ ವರ್ಷದ ಮಾತಿದು. ಕೊರೊನಾ ಕಳೆದ ಮರುವರ್ಷವೋ ಅದರಾಚೆಯದೋ, ಈಗ ಸರಿಯಾಗಿ ಹೇಳಲಾರೆ. ಮೊಮ್ಮಗಳಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಅಷ್ಟು ನೆನಪಿದೆ. ಅವರ ಮನೆ ಇದ್ದದ್ದು ನ್ಯೂ ಹ್ಯಾಂಪ್‌ಶೈರಿನ ಒಂದು ಸಣ್ಣ ಊರಲ್ಲಿ. ಕನೆಕ್ಟಿಕಟ್ ಹೊಳೆ ದಾಟಿದರೆ ವರ್ಮಾಂಟ್ ರಾಜ್ಯ.

ನಾವು ಹೋಗಿ ಇಳಿದದ್ದು ಏಪ್ರಿಲ್ಲಿನಲ್ಲಿ. ಹಿಮ ಕರಗಿತ್ತು, ನೆಲವೆಲ್ಲ ರಾಡಿ. ಚಳಿಗಾಲದಲ್ಲಿ ಆಳದವರೆಗೂ ಹೆಪ್ಪುಗಟ್ಟಿದ ಮಣ್ಣು ಅಲ್ಲಿ ಮೇಲಿನಿಂದ ಕರಗುತ್ತ ಬರುತ್ತದೆ. ಅಡಿಯಲ್ಲಿನ್ನೂ ಮಂಜುಗಡ್ಡೆ ಇರುವುದರಿಂದ ನೀರು ಕೆಳಗಿಳಿಯುವುದಿಲ್ಲ, ಮೇಲೆಯೇ ಮಡುಗಟ್ಟುತ್ತದೆ. ಅಲ್ಲಿಯ ಜನ ಈ ಕೆಸರಿನ ಕಾಲವನ್ನು ಐದನೆಯ ಋತು ಎಂದೇ ಲೆಕ್ಕ ಹಿಡಿಯುತ್ತಾರೆ. ಆ ದಿನಗಳಲ್ಲಿ ಕಾಡುದಾರಿಗಳಿಗೆಲ್ಲ ರಜೆ. ಮೆತ್ತಗಿನ ಮಣ್ಣಿನ ಮೇಲೆ ಒಮ್ಮೆ ಚಕ್ರ ಹರಿದರೆ ಆ ಗೆರೆಯಲ್ಲಿ ನೀರು ಹರಿದು, ವಸಂತದ ಮಳೆ ಮುಗಿಯುವಷ್ಟರಲ್ಲಿ ದಾರಿ ಹೋಗಿ ಕಣಿಯಾಗುತ್ತದೆ. ಹಾಗಾಗಿ ಅಳಿಯ ಸರಪಳಿಗೆ ಎಣ್ಣೆ ಬಿಡುವುದು, ಒರೆಸುವುದು, ಮತ್ತೆ ಎಣ್ಣೆ ಬಿಡುವುದು ಇದರಲ್ಲೇ ಸಂಜೆ ಕಳೆಯುತ್ತಿದ್ದ.

ಒಂದು ಸಂಜೆ ಫೋನು ಕೆಳಗಿಟ್ಟವನು, "ಮಾವ, ದಾರಿ ಮುಚ್ಚಿಬಿಟ್ಟರಂತೆ," ಎಂದ.

"ಯಾರು ಮುಚ್ಚಿದ್ದು? ಸರ್ಕಾರದವರಾ?"

"ಅಲ್ಲ, ಜಮೀನಿನ ಯಜಮಾನರು. ಹೊಳೆಯಾಚೆ ವರ್ಮಾಂಟಿನಲ್ಲಿ ನಾವು ಹೋಗುವ ದಾರಿ ಅರ್ಧ ಅವರ ಹುಲ್ಲುಗದ್ದೆಯಲ್ಲೇ ಇರುವುದು."

ವರ್ಮಾಂಟಿನ ಬೆಟ್ಟ, ಕಾಡುಗಳಲ್ಲಿ ಬಹುಪಾಲು ಖಾಸಗಿಯವರದು. ಅಲ್ಲೊಂದು ಹಳೆಯ ಪದ್ಧತಿ ಉಂಟು. 1777ರ ಅವರ ಸಂವಿಧಾನದಲ್ಲೇ, ಬೇಲಿ ಕಟ್ಟದ ಜಮೀನಿನಲ್ಲಿ ಬೇಟೆಯಾಡುವ ಸ್ವಾತಂತ್ರ್ಯವನ್ನು ಜನರಿಗೆ ಬರೆದುಕೊಟ್ಟಿದ್ದಾರೆ. ಆದರೆ ಸೈಕಲ್ಲಿನವರಿಗೆ ಆ ಬಲ ಇಲ್ಲ. ಅವರು ಹೋಗುವುದು ಯಜಮಾನರ ಒಪ್ಪಿಗೆಯ ಮೇಲೆ ಮಾತ್ರ. ಯಜಮಾನರಿಗೆ ಇದರಿಂದ ಬಿಡಿಗಾಸೂ ಇಲ್ಲ. ದುಡ್ಡು ತೆಗೆದುಕೊಳ್ಳದೆ ಜನರನ್ನು ಓಡಾಡಲು ಬಿಟ್ಟರೆ, ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೂ ಹೊಣೆ ಅವರ ತಲೆಗೆ ಬಾರದಂತೆ ಕಾನೂನು ಕಾಯುತ್ತದೆ. ದುಡ್ಡು ಮುಟ್ಟಿದರೆ ಆ ಕಾವಲು ಹೋದಂತೆ. ಹಾಗಾಗಿ ಕೊಡುವವನು ಸುಮ್ಮನೆ ಕೊಡುತ್ತಾನೆ, ಬೇಡವೆನಿಸಿದ ದಿನ ಸುಮ್ಮನೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ಅಳಿಯ ಅಷ್ಟು ಕಂಗಾಲಾದದ್ದಕ್ಕೆ ಇನ್ನೊಂದು ಕಾರಣವಿತ್ತು. ಅಲ್ಲಿಂದ ಉತ್ತರಕ್ಕೆ ಈಸ್ಟ್ ಬರ್ಕ್ ಎಂಬ ಊರಿದೆ. ಎರಡು ಸಾವಿರ ಜನವೂ ಇಲ್ಲದ ಆ ಊರಲ್ಲಿ 1994ರಲ್ಲಿ ಕಿಂಗ್‌ಡಮ್ ಟ್ರೇಲ್ಸ್ ಎಂಬ ಸಂಘ ಹುಟ್ಟಿತು. ಸುಮಾರು ನೂರು ಮಂದಿ ಜಮೀನುದಾರರ ಹೊಲ, ಕಾಡು, ಮೇವುಗಾವಲುಗಳನ್ನು ಒಂದಕ್ಕೊಂದು ಹೊಂದಿಸಿ 160 ಕಿಲೋಮೀಟರಿಗೂ ಮಿಕ್ಕಿ ದಾರಿ ಮಾಡಿದರು. ಸವಾರರು ಕೊಡುವ ಶುಲ್ಕ ಸಂಘಕ್ಕೆ, ದಾರಿಯ ಕೆಲಸಕ್ಕೆ. ಅಳಿಯ ನಮ್ಮನ್ನು ಒಮ್ಮೆ ಅಲ್ಲಿಯ ಡಾರ್ಲಿಂಗ್ ಹಿಲ್ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಅದರ ಬೆನ್ನಿನ ಮೇಲೆ ನಿಂತರೆ ದೂರದಲ್ಲಿ ವಿಲ್ಲೋಬಿ ಸರೋವರದ ಎರಡು ಬದಿಯ ಬೆಟ್ಟಗಳು, ನಡುವೆ ಕಿಂಡಿಯಲ್ಲಿ ಆಕಾಶ. ನೂರು ವರ್ಷಕ್ಕೂ ಹಿಂದೆ ಎಲ್ಮರ್ ಡಾರ್ಲಿಂಗ್ ಎಂಬ ಶ್ರೀಮಂತರು ಈ ಗುಡ್ಡದ ಮೇಲೆ ದನಕರು ಸಾಕಿ, ನ್ಯೂಯಾರ್ಕಿನ ತಮ್ಮ ಹೋಟೆಲಿಗೆ ಬೆಣ್ಣೆ, ಚೀಸು ಕಳಿಸುತ್ತಿದ್ದರಂತೆ. ಅವರ ಕೊಟ್ಟಿಗೆ ಇವತ್ತಿಗೂ ನಿಂತಿದೆ. ಎಂಥ ಕೊಟ್ಟಿಗೆ ಅಂತೀರಿ! ಒಂದು ಓಣಿಯ ದನ ಕಟ್ಟಬಹುದು. ಆ ದಿನ ಮೇಪಲ್ ರಸದ ಐಸ್‌ಕ್ರೀಂ ತಿಂದೆವು. ಕ್ರೀಮಿ ಅನ್ನುತ್ತಾರೆ ಅದಕ್ಕೆ. ನನ್ನಾಕೆ ಎರಡನೆಯದನ್ನೂ ತೆಗೆದುಕೊಂಡಳು.

ಇರಲಿ, ಹೇಳುತ್ತಿದ್ದದ್ದು ಬೇರೆ. ಕಿಂಗ್‌ಡಮ್ ಟ್ರೇಲ್ಸಿನ ಈ ದಾರಿಗಳ ಹೆಸರು ಹಬ್ಬಿ ವರ್ಷಕ್ಕೆ ಲಕ್ಷಕ್ಕೂ ಮೇಲೆ ಸವಾರರು ಬರತೊಡಗಿದರು. ರಸ್ತೆ ತುಂಬ ಕಾರು, ಸೈಕಲ್ಲು. ಅಂಗಡಿ, ಹೋಟೆಲಿನವರಿಗೆ ಲಾಭವಾಯಿತು, ಜಮೀನಿನವರಿಗೆ ನೆಮ್ಮದಿ ಹೋಯಿತು. 2019ರ ಡಿಸೆಂಬರಿನಲ್ಲಿ ಅದೇ ಡಾರ್ಲಿಂಗ್ ಹಿಲ್ಲಿನ ಮೂವರು ಜಮೀನುದಾರರು ಇನ್ನು ಸೈಕಲ್ ಬೇಡ ಎಂದುಬಿಟ್ಟರು. ನೂರರಲ್ಲಿ ಮೂವರೇ ಆದರೂ ಜಾಲದ ನಡುಭಾಗವೇ ಅವರ ಕೈಯಲ್ಲಿತ್ತು. ಆ ಸೀಮೆಯ ಸೈಕಲ್ ಮಂದಿ ಅಂದಿನಿಂದ ಯಾವ ಊರಲ್ಲಿ ದಾರಿಗೆ ಹಗ್ಗ ಅಡ್ಡ ಬಿದ್ದರೂ ಬೆಚ್ಚಿ ಬೀಳುತ್ತಾರೆ.

ನಮ್ಮ ಕಥೆಯದು ಅಷ್ಟು ದೊಡ್ಡ ಜಾಗವಲ್ಲ. ಅಳಿಯನ ಗುಂಪಿನಲ್ಲಿ ಇದ್ದವರೇ ಮೂವತ್ತೋ ನಲವತ್ತೋ ಜನ. ಅವರಿಗೊಬ್ಬರು ಮುಖಂಡರು, ನಿವೃತ್ತ ಶಾಲಾ ಟೀಚರಮ್ಮ. ಎಪ್ಪತ್ತರ ಹತ್ತಿರ ವಯಸ್ಸು, ಬೇಸಿಗೆಯಲ್ಲೂ ತಲೆಗೆ ಕಿತ್ತಳೆ ಬಣ್ಣದ ಉಣ್ಣೆ ಟೋಪಿ. ಎಲ್ಲಿಗೆ ಹೊರಟರೂ ಮೊದಲು ಹಾಜರಿ ಕೂಗಿಯೇ ಹೊರಡುವುದು. ದೊಡ್ಡ ದೊಡ್ಡ ಇಂಜಿನಿಯರುಗಳು ಅವರೆದುರು ಕೈಯೆತ್ತಿ "ಬಂದಿದ್ದೇನೆ" ಅನ್ನುತ್ತಿದ್ದರು. ದಾರಿ ಮುಚ್ಚಿದ ಸುದ್ದಿ ಕೇಳಿ ಉಳಿದವರೆಲ್ಲ ಪತ್ರ ಬರೆಯೋಣ, ಸಭೆ ಕರೆಯೋಣ ಎನ್ನುತ್ತಿದ್ದಾಗ ಈ ಅಮ್ಮ ರುಬಾರ್ಬ್ ದಂಟಿನ ಪೈ ಬೇಯಿಸಿಕೊಂಡು ಸೀದಾ ಯಜಮಾನರ ಅಡುಗೆಮನೆಗೆ ಹೋಗಿ ಕೂತರು. ಕತ್ತಲಾಗುವವರೆಗೆ ಕೂತರಂತೆ, ದಾರಿಯ ಮಾತೇ ಎತ್ತಲಿಲ್ಲವಂತೆ. ಹಸುಗಳ ಮಾತು, ಆ ವರ್ಷ ಮೇಪಲ್ ಮರ ಕೊಟ್ಟ ನೀರಿನ ಮಾತು, ಮಂಡಿನೋವಿನ ಮಾತು. ಏಳುವ ಹೊತ್ತಿಗೆ ಯಜಮಾನರೇ, "ಬನ್ನಿ, ಒಂದು ತೋರಿಸುತ್ತೇನೆ," ಎಂದು ಟಾರ್ಚು ಹಿಡಿದು ಗದ್ದೆಗೆ ಕರೆದೊಯ್ದರು.

ಆ ಜಾಗವನ್ನು ಆಮೇಲೆ ನಾನೇ ನೋಡಿದೆ. ಎರಡಡಿ ಅಗಲವಿರಲಿ ಎಂದು ಅವರು ಬಿಟ್ಟುಕೊಟ್ಟ ದಾರಿ ಅದು. ನಡುವೆ ಒಂದು ಒರತೆ, ವಸಂತದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಮೊದಲು ಬಂದವನು ಕೆಸರಿಗೆ ಹೆದರಿ ಪಕ್ಕದ ಹುಲ್ಲಿನ ಮೇಲೆ ಹೋದ. ಅಲ್ಲೂ ಕೆಸರಾಯಿತು, ಮುಂದಿನವನು ಇನ್ನೂ ಪಕ್ಕಕ್ಕೆ ಹೋದ. ನಾನು ನೋಡುವ ಹೊತ್ತಿಗೆ ಹನ್ನೆರಡು ಅಡಿ ಅಗಲಕ್ಕೆ ಹುಲ್ಲು ಹೋಗಿ ಕಪ್ಪು ಮಣ್ಣು ಎದ್ದಿತ್ತು, ಜೊತೆಗೆ ಮುಷ್ಟಿಗಾತ್ರದ ಕಲ್ಲುಗಳು. ಹುಲ್ಲು ಕೊಯ್ಯುವ ಯಂತ್ರದ ಅಲಗಿಗೆ ಅಂಥದೊಂದು ಕಲ್ಲು ಸಿಕ್ಕಿದರೆ ಸಾಕು, ಅಲಗು ತುಂಡು. ಮತ್ತೆ ಬಿಡಿಭಾಗ ಬರುವವರೆಗೆ ಕೆಲಸ ನಿಂತಿತು, ಅಷ್ಟರಲ್ಲಿ ಮಳೆ ಬಂದರೆ ಹುಲ್ಲೂ ಹೋಯಿತು. ಇಷ್ಟಾಗಿಯೂ ಅವರು ಸುಮ್ಮನಿದ್ದರಂತೆ. ಒಂದು ದಿನ ಯಾರೋ ಸವಾರರು ಗೇಟು ತೆಗೆದು ಹಾಗೇ ಬಿಟ್ಟು ಹೋದರು. ಕಡಸುಗಳೆಲ್ಲ ಡಾಂಬರು ರಸ್ತೆಗೆ ಬಂದು ನಿಂತವು. ಅಂದೇ ಹಗ್ಗ ಬಿತ್ತು.

ನನ್ನನ್ನು ಕೇಳಿದರೆ ಆ ಯಜಮಾನರು ಮಾಡಿದ್ದು ಸರಿ. ಅಳಿಯನಿಗೂ ಹಾಗೆಯೇ ಹೇಳಿದೆ. ನಮ್ಮ ತೋಟದ ಉಣುಗೋಲು ಯಾರಾದರೂ ಸರಿಸಿ ಹಾಗೇ ಹೋಗಿ, ದನ ನುಗ್ಗಿ ಅಡಿಕೆ ಸಸಿ ತಿಂದರೆ ನಾನೇನು ಅವರನ್ನು ಕರೆದು ಕಾಫಿ ಕೊಡುತ್ತೇನೆಯೇ?

ಮುಂದಿನದೋ ಅದರ ಮುಂದಿನದೋ ಭಾನುವಾರ ಕೆಲಸದ ದಿನವೆಂದಾಯಿತು. "ಮಾವ, ನೀವೂ ಬನ್ನಿ, ಸುಮ್ಮನೆ ಕೂತಿರುವಿರಂತೆ," ಎಂದ ಅಳಿಯ. ಗುದ್ದಲಿ ಇರುವ ಕಡೆ ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ನನ್ನಾಕೆ ಚಿತ್ರಾನ್ನ ಕಲಸಿ, ಕೋಡುಬಳೆ ಡಬ್ಬಿ ತುಂಬಿ, ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಒಂದು ಶೀಷೆಯಲ್ಲಿ ಹಾಕಿ ಕೊಟ್ಟಳು.

ಬೆಳಿಗ್ಗೆ ಬಿಸಿಲಿತ್ತು, ಕಪ್ಪು ನೊಣಗಳೂ ಇದ್ದವು. ಅಬ್ಬಾ, ಆ ನೊಣ! ಮೇ, ಜೂನಿನಲ್ಲಿ ಹುಟ್ಟುವ ಸಣ್ಣ ಜಾತಿ, ಕಿವಿಯ ಹಿಂದೆ ಕಚ್ಚಿದರೆ ರಕ್ತವೇ ಬರುತ್ತದೆ. ಎಲ್ಲರೂ ಮುಖಕ್ಕೆ ಬಲೆ ಕಟ್ಟಿಕೊಂಡಿದ್ದರು. ಟೀಚರಮ್ಮ ಹಾಜರಿ ಕೂಗಿದರು, ನನ್ನ ಹೆಸರನ್ನೂ ಕಷ್ಟಪಟ್ಟು ಕೂಗಿದರು. ಮೊದಲ ಕೆಲಸ ಏನೆಂದುಕೊಂಡಿರಿ? ದಾರಿಯದಲ್ಲ. ಗದ್ದೆಯ ಕಲ್ಲು ಹೆಕ್ಕುವುದು, ಚಳಿಗಾಲದಲ್ಲಿ ಬಿದ್ದ ಯಜಮಾನರ ಬೇಲಿ ಎತ್ತಿ ಕಟ್ಟುವುದು. ಕೆಸರೆದ್ದ ಜಾಗವನ್ನು ಹದ ಮಾಡಿ ಹುಲ್ಲಿನ ಬೀಜ ಬಿತ್ತುವುದು. ಯಜಮಾನರು ದೂರದಲ್ಲಿ ಟ್ರಾಕ್ಟರಿನ ಮೇಲೆ ಕೂತು ನೋಡುತ್ತಿದ್ದರು. ತೆಳ್ಳಗಿನ ಎತ್ತರದ ಆಳು. ಹಸುಗಳಿಗೆಲ್ಲ ತಮ್ಮ ಸೋದರತ್ತೆಯರ ಹೆಸರಿಟ್ಟಿದ್ದರು. ಏನು ಕೇಳಿದರೂ "ನೋಡೋಣ" ಎಂದೇ ಉತ್ತರ.

ದಾರಿಯನ್ನು ಗದ್ದೆಯಿಂದ ಎತ್ತಿ, ಅಂಚಿನ ಕಾಡಿನ ಇಳುಕಲಿಗೆ ಹಾಕುವುದೆಂದು ಅವರೇ ಒಪ್ಪಿದ್ದರು. ಅಲ್ಲಿ ನನಗೆ ಎರಡು ಹತ್ಯಾರುಗಳ ಪರಿಚಯವಾಯಿತು. ಒಂದು ಪುಲಾಸ್ಕಿ, ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. 1910ರ ದೊಡ್ಡ ಕಾಳ್ಗಿಚ್ಚಿನಲ್ಲಿ ತನ್ನ ಆಳುಗಳನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಉಳಿಸಿದ ಎಡ್ ಪುಲಾಸ್ಕಿ ಎಂಬ ಅರಣ್ಯ ರೇಂಜರನ ಹೆಸರು ಅದಕ್ಕೆ. ಇನ್ನೊಂದು ಮೆಕ್ಲಾಡ್, ಒಂದು ಬದಿ ದಪ್ಪ ಹಲ್ಲಿನ ಕುಂಟೆ, ಇನ್ನೊಂದು ಬದಿ ಅಗಲದ ಅಲಗು. ಬೇರು ಕಡಿಯಲು ಅದು, ಮಣ್ಣೆಳೆದು ತಟ್ಟಲು ಇದು. ಇಳುಕಲನ್ನು ಮೆಟ್ಟಿಲಿನಂತೆ ಕಡಿದು ದಾರಿ ಕೂರಿಸಬೇಕು, ಕಡಿದ ಮಣ್ಣನ್ನು ದಾರಿಗೆ ತುಂಬದೆ ಕೆಳಗೆ ದೂರ ಚೆಲ್ಲಬೇಕು. ದಾರಿಯ ಹೊರ ಅಂಚು ನೂರಕ್ಕೆ ಐದರಷ್ಟು ಕೆಳಕ್ಕೆ ವಾಲಿರಬೇಕು. ದಾರಿಯ ಏರು ಗುಡ್ಡದ ಏರಿನ ಅರ್ಧಕ್ಕಿಂತ ಹೆಚ್ಚಬಾರದು, ಹೆಚ್ಚಿದರೆ ನೀರು ಅಡ್ಡ ದಾಟುವುದು ಬಿಟ್ಟು ದಾರಿಯನ್ನೇ ಹಿಡಿದು ಇಳಿಯುತ್ತದೆ. ಅಲ್ಲಲ್ಲಿ ದಾರಿ ಸ್ವಲ್ಪ ಇಳಿದು ಮತ್ತೆ ಏರಬೇಕು, ಆ ತಗ್ಗಿನಲ್ಲಿ ನೀರು ಹೊರಗೆ ಬೀಳಲೆಂದು. ತೋಟದ ಬಸಿಗಾಲುವೆ ಬಿಡಿಸುತ್ತ ಬೆಳೆದವನಿಗೆ ಇದನ್ನೆಲ್ಲ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಳಿಯ ಒಂದು ಕಡೆ ಅಂಚಿಗೆ ಮಣ್ಣು ಏರಿಸಿ ಕಟ್ಟೆ ಮಾಡಿದ್ದ, ನಾನು ಅದನ್ನು ಎಳೆದು ಹಾಕಿದೆ. ಟೀಚರಮ್ಮ ದೂರದಿಂದ ನೋಡಿ ಹೆಬ್ಬೆರಳೆತ್ತಿದರು.

ಮಧ್ಯಾಹ್ನ ಊಟಕ್ಕೆ ಯಜಮಾನರು ತಮ್ಮ ಮೇಪಲ್ ಒಲೆಮನೆಗೆ ಕರೆದರು. ನಮ್ಮ ಆಲೆಮನೆಯದೇ ಮಾದರಿ: ಮರದ ಗೋಡೆ, ಸೌದೆ ಒಲೆ, ಅದರ ಮೇಲೆ ಉದ್ದದ ಚಪ್ಪಟೆ ಕೊಪ್ಪರಿಗೆ, ಆವಿ ಹೋಗಲು ಮಾಡು ತೆರೆದ ಗವಾಕ್ಷಿ. ನಲವತ್ತು ಲೀಟರ್ ಮರದ ನೀರು ಕುದಿಸಿದರೆ ಒಂದು ಲೀಟರ್ ಪಾಕ. ಚಳಿಗಾಲದ ಕೊನೆಯಲ್ಲಿ ಅದೇ ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು, ಡೋನಟ್ಟಿನ ಜೊತೆ, ಹುಳಿ ಸೌತೆಕಾಯಿ ನಂಜಿಕೊಂಡು ತಿನ್ನುತ್ತಾರೆಂದು ಅವರು ಹೇಳಿದಾಗ ನನಗೆ ಧೈರ್ಯ ಬಂತು. ಶೀಷೆ ತೆರೆದು ಒಂದು ಮಿಡಿ ಕೊಟ್ಟೆ. ಕಚ್ಚಿದರು, ಕಣ್ಣು ಮುಚ್ಚಿದರು, ಮುಖ ಕೆಂಪಗಾಯಿತು. ನೀರು ಬೇಕೇ ಎಂದರೆ ತಲೆಯಾಡಿಸಿ ಪಾಕದ ಬಟ್ಟಲಿಗೇ ಬೆರಳದ್ದಿದರು. ಓಟೆಯನ್ನು ಚೀಪಿ ಚೀಪಿ ಬಿಳಿ ಮಾಡಿ ತಟ್ಟೆಯ ಅಂಚಿನಲ್ಲಿಟ್ಟ ಮೇಲೆ, ಇನ್ನೊಂದಕ್ಕೆ ಕೈ ಚಾಚಿದರು. ಚಿತ್ರಾನ್ನ ಅವರ ಹೆಂಡತಿಗೆ ಹಿಡಿಸಿತು, ಕೋಡುಬಳೆ ಎಲ್ಲರಿಗೂ.

ಊಟವಾದ ಮೇಲೆ ಗೇಟಿನ ವಿಷಯ ಬಂತು. ಮುಚ್ಚಿ ಎಂದು ಎಷ್ಟು ಫಲಕ ಬರೆದರೂ ನೂರರಲ್ಲೊಬ್ಬ ಮರೆಯುತ್ತಾನೆ, ಆ ಒಬ್ಬನೇ ಸಾಕು ಎಂದರು ಯಜಮಾನರು. ಯಾರ ಸಲಹೆಯೋ ನೆನಪಿಲ್ಲ, ಕೊನೆಗೆ ಗೇಟೇ ಬೇಡವೆಂದು ತೀರ್ಮಾನವಾಯಿತು. ಬೇಲಿಯ ಎರಡೂ ಬದಿಗೆ ಇಳಿಜಾರಾಗಿ ಮರದ ಹಲಗೆ ಹೊಡೆದು, ಜಾರದಂತೆ ಅಡ್ಡಪಟ್ಟಿ ಬಡಿದು, ಸೈಕಲ್ಲು ಬೇಲಿಯ ಮೇಲಿನಿಂದಲೇ ದಾಟುವಂತೆ ಮಾಡಿದರು. ಹಲಗೆಗಳ ನಡುವೆ ಸಂದು ಬಿಟ್ಟದ್ದರಿಂದ ದನ ಅದರ ಮೇಲೆ ಕಾಲಿಡುವುದಿಲ್ಲ. ಮರ ಕೊಟ್ಟವರು ಯಜಮಾನರೇ. ಸಂಜೆ ಮಳೆ ಹನಿಯುವ ಹೊತ್ತಿಗೆ ಮೊಳೆ ಹೊಡೆದು ಮುಗಿಯಿತು.

ಹಗ್ಗ ಅಂದೇ ತೆಗೆಯಲಿಲ್ಲ ಅವರು. ಹೊಸ ಮಣ್ಣು ಕೂರಲಿ ಎಂದರು. ತೆಗೆದದ್ದು ಮೊದಲ ಕೊಯ್ಲಿನ ಹುಲ್ಲು ಒಳಗೆ ಬಂದ ಮೇಲೆ, ತಮ್ಮ ಕರಾರುಗಳನ್ನು ಬಾಯಲ್ಲೇ ಹೇಳಿ. ಕೆಸರಿನ ಕಾಲದಲ್ಲಿ ಯಾರೂ ಬರಬಾರದು, ನೆಲ ಒಣಗಿತೆಂದು ಹೇಳುವವರು ಅವರೇ. ಪ್ರತಿ ವಸಂತದಲ್ಲಿ ಬಂದು ಹೊಸದಾಗಿ ಕೇಳಬೇಕು. ಅಳಿಯ ಇವತ್ತಿಗೂ ಮಾರ್ಚಿನಲ್ಲಿ ಅವರ ಒಲೆಗೆ ಸೌದೆ ಹೊರಲು ಹೋಗುತ್ತಾನೆ, ಕೇಳುವ ಕೆಲಸ ಅಲ್ಲೇ ಆಗುತ್ತದೆ.

ಅದೇ ದಾರಿ ಹಾದುಹೋಗುವ ಕೆಳಗಿನ ಜಮೀನಿನವರು ಮಾತ್ರ ಮರುವರ್ಷ ಬೇಡವೆಂದರು. ಅವರಿಗೆ ವಯಸ್ಸಾಗಿತ್ತು, ಅಂಗಳದ ಮುಂದೆ ಜನ ಹಾದುಹೋಗುವುದು ಬೇಡವಾಗಿತ್ತು. ಟೀಚರಮ್ಮ ಅಲ್ಲಿಗೂ ಪೈ ಒಯ್ದರು, ಆದರೆ ಮನಸ್ಸು ಬದಲಿಸಿ ಎಂದು ಕೇಳಲಿಲ್ಲ. ಇಷ್ಟು ವರ್ಷ ಬಿಟ್ಟುಕೊಟ್ಟದ್ದಕ್ಕೆ ಕೈಮುಗಿದು ಬಂದರು. ಗುಂಪಿನವರು ಒಂದು ಭಾನುವಾರ ಹೋಗಿ ಫಲಕ ಕಿತ್ತರು, ದಾರಿಗೆ ಕೊಂಬೆ, ದರಗು ಮುಚ್ಚಿದರು, ಚಕ್ರದ ಗುರುತು ಇದ್ದಲ್ಲೆಲ್ಲ ಬೀಜ ಬಿತ್ತಿದರು, ನಕ್ಷೆಯಿಂದ ಆ ಗೆರೆ ತೆಗೆದರು. ಈಗ ಆ ಕಡೆ ಹೋಗುವವರು ಎರಡು ಮೈಲಿ ಟಾರು ರಸ್ತೆಯಲ್ಲಿ ಸುತ್ತಿ ಹೋಗುತ್ತಾರೆ.